ಎಂಟು ವರ್ಷದ ಬೆಕ್ಕು ವಾರಕ್ಕೆ ನಾಲ್ಕು ಸಲ ಕಕ್ಕುತ್ತಿದೆ: ಕೂದಲೇ ಕಾರಣವೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಅಡಿಕೆ ತೋಟದ ಮನೆ. ಎಂಟು ವರ್ಷದ ಹೆಣ್ಣು ಬೆಕ್ಕಿದೆ, ಆಪರೇಷನ್ ಆಗಿದೆ. ಒಂದೂವರೆ ತಿಂಗಳಿಂದ ವಾರಕ್ಕೆ ಮೂರ್ನಾಲ್ಕು ಸಲ ವಾಂತಿ ಮಾಡುತ್ತಿದೆ. ಒಮ್ಮೊಮ್ಮೆ ತಿಂದದ್ದು ಹಾಗೇ ಬರುತ್ತದೆ, ಒಮ್ಮೊಮ್ಮೆ ಬೆಳಗಿನ ಜಾವ ಹಳದಿ ನೀರು. ಎರಡು ಸಲ ಕೂದಲಿನ ಉಂಡೆ ಬಂತು. ಊಟ ಬಿಟ್ಟಿಲ್ಲ, ಆದರೆ ಸೊರಗಿದೆ. ಮಳೆಗಾಲಕ್ಕೆ ಮುಂಚೆ 4.2 ಕೆ.ಜಿ. ಇತ್ತು, ಈಗ 3.7. ನಾವು ಮಾಂಸ ತಿನ್ನದವರು. ಅದಕ್ಕೆ ಹಾಲನ್ನ, ಮಜ್ಜಿಗೆ ಅನ್ನ, ಜೊತೆಗೆ ಪೇಟೆಯಿಂದ ಬಿಡಿಯಾಗಿ ತರುವ ಕ್ಯಾಟ್ ಫುಡ್. ಇಲಿ, ಹಲ್ಲಿ, ಜಿರಳೆ ಹಿಡಿದು ತಿನ್ನುತ್ತದೆ. ಕೂದಲಿನದ್ದೇ ತೊಂದರೆ ಎಂದು ಪಕ್ಕದ ಮನೆಯವರು ಹೇಳಿದ್ದಕ್ಕೆ ಹರಳೆಣ್ಣೆ ಕುಡಿಸಿದೆವು. ಮಕ್ಕಳ ಜಂತುಹುಳದ ಮಾತ್ರೆ ಅರ್ಧ ಕೊಟ್ಟೆವು. ಕಡಿಮೆಯಾಗಿಲ್ಲ. ಈ ಮಳೆಯಲ್ಲಿ ಶಿವಮೊಗ್ಗದವರೆಗೆ ಒಯ್ಯಲೇಬೇಕೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಹೌದು, ಒಯ್ಯಬೇಕು, ಈ ವಾರದೊಳಗೇ. ನೀವೇ ಬರೆದ ಎರಡು ತೂಕಗಳು ಅದನ್ನು ಹೇಳುತ್ತಿವೆ. 4.2ರಿಂದ 3.7ಕ್ಕೆ ಇಳಿದದ್ದು ಅರ್ಧ ಕಿಲೋ ಅಂತ ಕೇಳಿದರೆ ಏನೂ ಅನ್ನಿಸುವುದಿಲ್ಲ. ಲೆಕ್ಕ ಹಾಕಿದರೆ ಶೇ. 12. ಅರವತ್ತು ಕಿಲೋ ತೂಗುವ ಮನುಷ್ಯ ಒಂದೆರಡು ತಿಂಗಳಲ್ಲಿ ಏಳು ಕಿಲೋ ಇಳಿದರೆ ಮನೆಯವರು ಸುಮ್ಮನಿರುತ್ತಾರೆಯೇ? ಬೆಕ್ಕಿನ ತೂಕ ಕಾರಣವಿಲ್ಲದೆ ಶೇ. 10 ಇಳಿದರೆ, ಅದು ಎಷ್ಟೇ ಚುರುಕಾಗಿ ಓಡಾಡುತ್ತಿರಲಿ, ಪರೀಕ್ಷೆ ಆಗಲೇಬೇಕು.

ಈ ವಾರ ಎಂದೆ, ಈ ರಾತ್ರಿಯೇ ಎನ್ನಲಿಲ್ಲ. ಆದರೆ ಕೆಲವು ಲಕ್ಷಣ ಕಂಡರೆ ಬೆಳಗಾಗುವುದನ್ನೂ ಕಾಯಬಾರದು: ಕುಡಿದ ನೀರೂ ನಿಲ್ಲದೆ ವಾಪಸು ಬರುವುದು, ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಸಲ ಕಕ್ಕುವುದು, ವಾಂತಿಯಲ್ಲಿ ರಕ್ತ ಅಥವಾ ಕಾಫಿ ಗಸಿಯಂಥ ಕಂದು ಪುಡಿ, ಮಲದ ವಾಸನೆಯ ವಾಂತಿ, ಹೊಟ್ಟೆ ಮುಟ್ಟಿದರೆ ಕಿರುಚುವುದು, 24 ಗಂಟೆ ಏನೂ ತಿನ್ನದಿರುವುದು. ಗಂಡು ಬೆಕ್ಕಿರುವವರಿಗೆ ಇನ್ನೊಂದು ಮಾತು. ಅದು ಕಕ್ಕುತ್ತಾ, ಮತ್ತೆ ಮತ್ತೆ ಕೂತು ತಿಣುಕುತ್ತಿದ್ದರೆ ಮಲಬದ್ಧತೆ ಅಂತ ಎಣ್ಣೆ ಕುಡಿಸುತ್ತಾ ಕೂರಬೇಡಿ. ಮೂತ್ರನಾಳ ಕಟ್ಟಿಕೊಂಡಿರಬಹುದು. ಬಿಡಿಸದಿದ್ದರೆ ಒಂದೆರಡು ದಿನದಲ್ಲೇ ಪ್ರಾಣ ಹೋಗುತ್ತದೆ.

ಕಕ್ಕಿದ್ದೋ, ಹಿಂದೆ ಬಂದದ್ದೋ

"ತಿಂದದ್ದು ಹಾಗೇ ಬರುತ್ತದೆ" ಎಂದು ಬರೆದಿದ್ದೀರಿ. ಹೇಗೆ ಬರುತ್ತದೆ ಎಂದು ಒಮ್ಮೆ ಗಮನಿಸಿ. ನಿಜವಾದ ವಾಂತಿಗೆ ಮೊದಲು ಬೆಕ್ಕು ಜೊಲ್ಲು ಸುರಿಸುತ್ತದೆ, ತುಟಿ ನೆಕ್ಕಿಕೊಳ್ಳುತ್ತದೆ, ಹೊಟ್ಟೆ ಹಿಂಡಿ ಹಿಂಡಿ ಎಳೆಯುತ್ತದೆ. ತಿಂದ ಹತ್ತು ನಿಮಿಷದಲ್ಲಿ, ಹೊಟ್ಟೆ ಅಲುಗದೆ, ತಲೆ ತಗ್ಗಿಸಿದ ಕೂಡಲೇ ಕೊಳವೆಯ ಆಕಾರದಲ್ಲಿ ಜಾರಿ ಬಿದ್ದರೆ ಅದು ಅನ್ನನಾಳದಿಂದಲೇ ಹಿಂದೆ ಬಂದದ್ದು, ಜಠರವನ್ನು ಮುಟ್ಟೇ ಇಲ್ಲ. ಗಬಗಬ ನುಂಗುವುದೇ ಇದಕ್ಕೆ ಬಹುಪಾಲು ಕಾರಣ. ಎರಡು ಬೆಕ್ಕು ಒಂದೇ ತಟ್ಟೆಯಲ್ಲಿ ತಿನ್ನುವ ಮನೆಗಳಲ್ಲಿ ಇದು ಸಾಮಾನ್ಯ. ಅಗಲ ತಟ್ಟೆಯಲ್ಲಿ ಹರಡಿ, ಸ್ವಲ್ಪ ಸ್ವಲ್ಪ ಹಾಕಿದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಆದರೂ ನಿಲ್ಲದಿದ್ದರೆ ಅನ್ನನಾಳದ್ದೇ ಬೇರೆ ಪರೀಕ್ಷೆ ಬೇಕಾಗುತ್ತದೆ. ಮೊಬೈಲಿನಲ್ಲಿ ಒಂದು ವಿಡಿಯೊ ಹಿಡಿದಿಟ್ಟುಕೊಳ್ಳಿ. ನೀವು ಹತ್ತು ನಿಮಿಷ ವಿವರಿಸುವುದನ್ನು ಅದು ಅರ್ಧ ನಿಮಿಷದಲ್ಲಿ ಹೇಳುತ್ತದೆ.

ಕೂದಲು, ಪಿತ್ತ, ಗರಿಕೆ

ಬೆಕ್ಕಿನ ನಾಲಿಗೆ ತುಂಬ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿರುತ್ತವೆ. ಮೈ ನೆಕ್ಕಿದಾಗ ಸಿಕ್ಕಿದ ಕೂದಲನ್ನು ಅದು ಉಗುಳಲಾರದು, ನುಂಗಲೇಬೇಕು. ಆರೋಗ್ಯವಾಗಿರುವ ಬೆಕ್ಕಿನಲ್ಲಿ ಆ ಕೂದಲು ಹೆಚ್ಚೂಕಡಿಮೆ ಎಲ್ಲವೂ ಮಲದಲ್ಲಿ ಹೊರಗೆ ಹೋಗುತ್ತದೆ. ತಿಂಗಳಿಗೋ ಎರಡು ತಿಂಗಳಿಗೋ ಒಂದು ಉಂಡೆ ಬಂದರೆ ಯೋಚಿಸಬೇಕಿಲ್ಲ. ಅದಕ್ಕಿಂತ ಹೆಚ್ಚಾದರೆ ಎರಡರಲ್ಲಿ ಒಂದು ನಡೆದಿದೆ: ಚಿಗಟವೋ ತುರಿಕೆಯೋ ಇದ್ದು ಅತಿಯಾಗಿ ನೆಕ್ಕುತ್ತಿದೆ, ಇಲ್ಲವೇ ಕರುಳಿನ ಚಲನೆ ಮಂದವಾಗಿ ಕೂದಲು ಮುಂದೆ ಸಾಗುತ್ತಿಲ್ಲ. ಉಂಡೆ ಕಂಡಿತು ಎಂದರೆ ಹುಡುಕಾಟ ಅಲ್ಲಿಂದ ಶುರುವಾಗಬೇಕು. ನಮ್ಮ ಕಡೆ ಅಲ್ಲಿಗೇ ಮುಗಿಸಿಬಿಡುತ್ತಾರೆ. ನಿಮ್ಮ ಬೆಕ್ಕು ಒಂದೂವರೆ ತಿಂಗಳಲ್ಲಿ ಸುಮಾರು ಇಪ್ಪತ್ತು ಸಲ ಕಕ್ಕಿದೆ, ಕೂದಲು ಬಂದದ್ದು ಎರಡು ಸಲ. ಉಳಿದ ಹದಿನೆಂಟಕ್ಕೆ ಕೂದಲು ಹೊಣೆಯಲ್ಲ.

ಹರಳೆಣ್ಣೆಯನ್ನು ಇನ್ನು ಕುಡಿಸಬೇಡಿ. ತುಪ್ಪ, ಕೊಬ್ಬರಿ ಎಣ್ಣೆಗೂ ಇದೇ ಮಾತು. ಬಾಯಿ ಬಿಡಿಸಿ ಎಣ್ಣೆ ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ, ಎಣ್ಣೆಯಿಂದಾದ ನ್ಯುಮೋನಿಯಾ ವಾಸಿಯಾಗುವುದು ಬಲು ಕಷ್ಟ. ಅಲ್ಲದೆ ಕರುಳಲ್ಲಿ ಏನಾದರೂ ಸಿಕ್ಕಿಕೊಂಡಿದ್ದರೆ ಭೇದಿ ಔಷಧ ಕರುಳನ್ನೇ ಹರಿಯುವಷ್ಟು ಒತ್ತಬಹುದು.

ಬೆಳಗಿನ ಜಾವದ ಹಳದಿ ನೀರು ಪಿತ್ತರಸ. ಖಾಲಿ ಹೊಟ್ಟೆಯಲ್ಲಿ ಕಕ್ಕಿದರೆ ಬರಲು ಬೇರೇನೂ ಇರುವುದಿಲ್ಲ. ಅದರಿಂದ ಕಾಮಾಲೆ ಎಂದು ಹೇಳಲಾಗದು. ಕಾಮಾಲೆ ನೋಡಬೇಕಾದದ್ದು ಒಸಡು, ಕಣ್ಣಿನ ಬಿಳಿ ಮತ್ತು ಕಿವಿಯ ಒಳಭಾಗದಲ್ಲಿ, ಹಗಲು ಬೆಳಕಿನಲ್ಲಿ. ಇನ್ನು ಗರಿಕೆ ತಿನ್ನುವುದು ಬೆಕ್ಕಿನ ಹುಟ್ಟುಗುಣ, ತಡೆಯಬೇಕಿಲ್ಲ. ಕಳೆನಾಶಕ ಹೊಡೆದ ಬದುವಿನ ಹುಲ್ಲಾದರೆ ಮಾತು ಬೇರೆ.

ತಿಂದ ಬೇಟೆಯೊಳಗಿನ ಹುಳ

ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯ ಎನಿಸಿದ ಸಾಲು "ಇಲಿ, ಹಲ್ಲಿ, ಜಿರಳೆ". ಫ್ಲ್ಯಾಟಿನಲ್ಲಿ ಸಾಕಿದ ಬೆಕ್ಕಿಗೂ ಮಲೆನಾಡಿನ ಬೆಕ್ಕಿಗೂ ಇರುವ ದೊಡ್ಡ ವ್ಯತ್ಯಾಸ ಇದೇ. ಪ್ರತಿಯೊಂದು ಬೇಟೆಯೂ ತನ್ನದೇ ಹುಳವನ್ನು ತರುತ್ತದೆ. ಇಲಿಯಿಂದ ದುಂಡುಹುಳ ಮತ್ತು ಲಾಡಿಹುಳ. ಚಿಗಟ ನುಂಗಿದರೆ ಇನ್ನೊಂದು ಜಾತಿಯ ಲಾಡಿಹುಳ, ಅದರ ತುಣುಕುಗಳು ಗುದದ ಸುತ್ತ ಅಂಟಿರುತ್ತವೆ, ಒಣಗಿದರೆ ಅಕ್ಕಿಕಾಳಿನಂತೆ ಕಾಣುತ್ತವೆ.

ಜಿರಳೆ, ಮಿಡತೆಗಳಿಂದ ಬರುವ ಫೈಸಾಲೊಪ್ಟೆರಾ ಎಂಬ ಹುಳ ಜಠರದ ಗೋಡೆಗೇ ಕಚ್ಚಿಕೊಂಡು ಕೂರುತ್ತದೆ. ನಾಲ್ಕೈದು ಹುಳ ಸಾಕು, ಬೆಕ್ಕು ವಾರಗಟ್ಟಲೆ ಕಕ್ಕುತ್ತದೆ. ಇದರ ಮೊಟ್ಟೆ ಭಾರ, ಮಲವನ್ನು ಉಪ್ಪಿನ ದ್ರಾವಣದಲ್ಲಿ ತೇಲಿಸಿ ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ತಪ್ಪಿಹೋಗುತ್ತದೆ. ಹಾಗಾಗಿ ವರದಿಯಲ್ಲಿ "ಹುಳ ಇಲ್ಲ" ಎಂದಿದ್ದರೂ ಪೈರಾಂಟೆಲ್ ಎಂಬ ಜಂತು ಔಷಧ ಕೊಟ್ಟು, ಎರಡು ಮೂರು ವಾರದ ಮೇಲೆ ಮತ್ತೊಮ್ಮೆ ಕೊಟ್ಟು ನೋಡುವುದು ಒಳ್ಳೆಯದು.

ಹಲ್ಲಿ ಇನ್ನೂ ತಂಟೆ. ಬಿಸಿಲು, ತೇವ ಎರಡೂ ಇರುವ ಸೀಮೆಗಳಲ್ಲಿ ಬಸವನಹುಳುವಿನಿಂದ ಹೊರಟು ಹಲ್ಲಿಯ ಮೂಲಕ ಬೆಕ್ಕಿಗೆ ಬರುವ ಪ್ಲಾಟಿನೋಸೋಮಮ್ ಎಂಬ ಚಪ್ಪಟೆ ಹುಳವಿದೆ. ಅದು ಪಿತ್ತನಾಳದಲ್ಲಿ ಸೇರಿಕೊಳ್ಳುತ್ತದೆ. ವಾಂತಿ, ಸೊರಗುವಿಕೆ, ಕೊನೆಗೆ ಕಾಮಾಲೆ. ಲಾಡಿಹುಳಕ್ಕೆ ಕೊಡುವ ಪ್ರಾಜಿಕ್ವಾಂಟೆಲ್ ಪ್ರಮಾಣ ಕೆ.ಜಿ.ಗೆ ಸುಮಾರು 5 ಮಿ.ಗ್ರಾಂ., ಅದರಿಂದ ಇದು ಸಾಯುವುದಿಲ್ಲ. ಕೆ.ಜಿ.ಗೆ 20 ಮಿ.ಗ್ರಾಂ.ನಂತೆ ಮೂರರಿಂದ ಐದು ದಿನ ಕೊಡಬೇಕು, ಅದೂ ವೈದ್ಯರ ನಿಗಾದಲ್ಲಿ. "ಜಂತು ಔಷಧ ಆಗಿದೆ" ಎಂದು ಹೇಳಿದವರ ಬೆಕ್ಕಿನಲ್ಲೂ ಹುಳ ಉಳಿಯುವುದು ಹೀಗೆ. ಹಲ್ಲಿ ತಿನ್ನುವ ವಿಷಯವನ್ನು ನೀವಾಗಿಯೇ ವೈದ್ಯರಿಗೆ ಹೇಳಿ, ಹೇಳದಿದ್ದರೆ ಯಾರೂ ಈ ದಾರಿಯಲ್ಲಿ ಯೋಚಿಸುವುದಿಲ್ಲ. ಮಲವನ್ನು ತೇಲಿಸಿ ನೋಡುವುದರ ಬದಲು ತಳಕ್ಕೆ ಇಳಿಸಿ ನೋಡಲು ಕೇಳಿ.

ನೀವು ಕೊಟ್ಟ ಮಕ್ಕಳ ಮಾತ್ರೆ ಬಹುಶಃ ಅಲ್ಬೆಂಡಜೋಲ್ 400. ಅರ್ಧ ಎಂದರೆ 200 ಮಿ.ಗ್ರಾಂ., ನಿಮ್ಮ ಬೆಕ್ಕಿನ ತೂಕಕ್ಕೆ ಕೆ.ಜಿ.ಗೆ 54 ಮಿ.ಗ್ರಾಂ. ಆಯಿತು. ಒಂದು ಸಲಕ್ಕೆ ಗಾಬರಿ ಬೇಡ, ಆದರೆ ಮತ್ತೆ ಕೊಡಬೇಡಿ. ಬೆಕ್ಕಿನಲ್ಲಿ ಈ ಔಷಧ ಮೂಳೆಮಜ್ಜೆಯನ್ನು ಕುಗ್ಗಿಸಿ ರಕ್ತಕಣ ಇಳಿಸುವುದುಂಟು. ಕೊಟ್ಟ ದಿನಾಂಕವನ್ನು ವೈದ್ಯರಿಗೆ ತಿಳಿಸಿ, ರಕ್ತಕಣಗಳ ಎಣಿಕೆ ಮಾಡಿಸಿ. ಬೆಕ್ಕಿಗೆಂದೇ ಬರುವ ಪ್ರಾಜಿಕ್ವಾಂಟೆಲ್–ಪೈರಾಂಟೆಲ್ ಮಾತ್ರೆ ಸಾಮಾನ್ಯವಾಗಿ 4 ಕೆ.ಜಿ.ಗೆ ಒಂದು. ಬೇಟೆಯಾಡುವ ಬೆಕ್ಕಿಗೆ ಮೂರು ತಿಂಗಳಿಗೊಮ್ಮೆಯಾದರೂ ಬೇಕು. ಆದರೆ ಈಗ ಮಲದ ಮಾದರಿ ತೆಗೆದಿಟ್ಟ ಮೇಲೆಯೇ ಕೊಡಿಸಿ.

ಹಾಲನ್ನ ಮತ್ತು ಮಳೆಗಾಲದ ಕ್ಯಾಟ್ ಫುಡ್

ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆ ಜೀರ್ಣವಾಗುವುದು ಕಡಿಮೆ. ಅದರಿಂದ ಹೆಚ್ಚಾಗಿ ಭೇದಿಯಾಗುತ್ತದೆ, ವಾಂತಿ ಅಷ್ಟಿಲ್ಲ. ಎಂಟು ವರ್ಷ ಹಾಲು ಕುಡಿದು ಸುಖವಾಗಿದ್ದ ಬೆಕ್ಕಿಗೆ ಈಗ ಹಾಲೇ ಕಾರಣ ಎಂದು ಹಟ ಹಿಡಿಯುವುದಿಲ್ಲ, ಆದರೆ ಪತ್ತೆಯ ದಿನಗಳಲ್ಲಿ ನಿಲ್ಲಿಸಲೇಬೇಕು. ಹಾಲನ್ನದ ದೊಡ್ಡ ಕೊರತೆ ಬೇರೆ. ಬೆಕ್ಕಿಗೆ ಟಾರಿನ್ ಎಂಬ ಅಂಶ ಆಹಾರದಿಂದಲೇ ಬರಬೇಕು, ಅದು ಮಾಂಸ ಮೀನುಗಳಲ್ಲಿ ಮಾತ್ರ ಸಾಕಷ್ಟಿದೆ. ಕೊರತೆಯಾದರೆ ಹೃದಯ ದುರ್ಬಲವಾಗುತ್ತದೆ, ಕಣ್ಣಿನ ಪರದೆ ಹಾಳಾಗುತ್ತದೆ. ಹಳೆಯ ಕಾಲದ ಬೆಕ್ಕುಗಳು ಹಾಲನ್ನದಲ್ಲೇ ಬದುಕಿದ್ದವಲ್ಲ ಎಂದರೆ, ಅವು ಬದುಕಿದ್ದು ಇಲಿಯಿಂದ. ಬೇಟೆ ನಿಲ್ಲಿಸಿದರೆ ಪೂರ್ಣ ಆಹಾರ ಎಂದು ಪ್ಯಾಕೆಟ್ಟಿನ ಮೇಲೆ ಬರೆದ ಬೆಕ್ಕಿನ ಆಹಾರ ಬೇಕು. ನಾಯಿಯದ್ದು ಆಗದು.

ಬಿಡಿಯಾಗಿ ತರುವ ಕ್ಯಾಟ್ ಫುಡ್ ಬಗ್ಗೆ ನನಗೆ ಗುಮಾನಿ ಇದೆ. ಅಂಗಡಿಯಲ್ಲಿ ಚೀಲ ಒಡೆದು ಎಷ್ಟು ದಿನವಾಯಿತೋ ತಿಳಿಯದು. ಹಪ್ಪಳವೇ ಮೆತ್ತಗಾಗುವ ಆಷಾಢದ ತೇವದಲ್ಲಿ ಅದರ ಮೇಲಿನ ಕೊಬ್ಬು ಕಮಟಾಗುತ್ತದೆ, ಕಣ್ಣಿಗೆ ಕಾಣುವ ಮೊದಲೇ ಬೂಸ್ಟು ಹಿಡಿದಿರುತ್ತದೆ. ನಿಮ್ಮಲ್ಲಿ ವಾಂತಿ ಶುರುವಾದದ್ದೂ ಮಳೆಯ ಜೊತೆಗೇ. ಸೀಲ್ ಇರುವ ಸಣ್ಣ ಪ್ಯಾಕೆಟ್ ತನ್ನಿ, ಪ್ಯಾಕೆಟ್ ಸಮೇತ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಡಿ, ಒಂದು ತಿಂಗಳೊಳಗೆ ಖಾಲಿ ಮಾಡಿ.

ಒಂದು ಮಾಂಸ ಮೈಗೆ ಒಗ್ಗದಿರುವುದೂ ದೀರ್ಘಕಾಲದ ವಾಂತಿಗೆ ದೊಡ್ಡ ಕಾರಣ. ವರ್ಷಗಟ್ಟಲೆ ತಿಂದ ಆಹಾರಕ್ಕೇ ಒಂದು ದಿನ ಒಗ್ಗದಿಕೆ ಶುರುವಾಗಬಹುದು. ಇದನ್ನು ರಕ್ತ ಪರೀಕ್ಷೆಯಲ್ಲಿ ನಂಬಿಕೆಯಿಂದ ಹೇಳಲಾಗದು. ಮೊದಲು ತಿನ್ನದ ಒಂದೇ ಮಾಂಸದ ಆಹಾರ, ಅಥವಾ ಪ್ರೋಟೀನನ್ನು ಒಡೆದು ತಯಾರಿಸಿದ ಹೈಡ್ರೊಲೈಸ್ಡ್ ಆಹಾರ ಕೊಟ್ಟು ನೋಡುವುದೊಂದೇ ದಾರಿ. ಮನೆಯಲ್ಲಿ ಮಾಂಸ ಬೇಯಿಸದ ನಿಮಗೆ ಎರಡನೆಯದು ಅನುಕೂಲ, ವೈದ್ಯರ ಮೂಲಕ ತರಿಸಬಹುದು. ಅದರ ಬೆಲೆ ಮಾತ್ರ ದುಬಾರಿ. ಒಗ್ಗದಿರುವುದೇ ಕಾರಣವಾದರೆ ಎರಡರಿಂದ ನಾಲ್ಕು ವಾರದಲ್ಲಿ ವಾಂತಿ ಇಳಿಯುತ್ತದೆ.

ಈ ಪ್ರಯೋಗ ನಮ್ಮ ಹಳ್ಳಿಗಳಲ್ಲಿ ಸೋಲುವುದು ಮನೆಯ ಹೊರಗೆ. ತಟ್ಟೆಯಲ್ಲಿ ವೈದ್ಯರ ಆಹಾರ, ಕೊಟ್ಟಿಗೆಯಲ್ಲಿ ಕರೆಯುವಾಗ ಒಂದು ಗುಟುಕು ಹಾಲು, ಪಕ್ಕದ ಮನೆಯಲ್ಲಿ ಮೀನಿನ ತಲೆ, ರಾತ್ರಿ ಒಂದು ಹಲ್ಲಿ. ಹೀಗಾದರೆ ಮೂರು ವಾರ ಕಳೆದರೂ ಏನೂ ತಿಳಿಯುವುದಿಲ್ಲ, ದುಡ್ಡು ದಂಡ. ಆ ಮೂರು ವಾರ ಬೆಕ್ಕನ್ನು ಒಂದು ಕೋಣೆಯಲ್ಲೋ ಜಾಲರಿ ಹಾಕಿದ ಜಗಲಿಯಲ್ಲೋ ಇಡಬೇಕು. ಮೊದಲ ನಾಲ್ಕು ದಿನ ಕೂಗಿ ಕೂಗಿ ಮನೆಯವರ ನಿದ್ದೆ ಕೆಡಿಸುತ್ತದೆ, ಆಮೇಲೆ ಒಗ್ಗಿಕೊಳ್ಳುತ್ತದೆ. ಅಜ್ಜಿಯಂದಿರ ಕೈತುತ್ತನ್ನು ನಿಲ್ಲಿಸುವುದು ಮಾತ್ರ ಬೆಕ್ಕನ್ನು ಕಟ್ಟಿಹಾಕುವುದಕ್ಕಿಂತ ಕಷ್ಟ.

ದಾರ, ಮೈಲುತುತ್ತು, ಇಲಿ ಪಾಷಾಣ

ಬೆಕ್ಕಿನ ನಾಲಿಗೆಯನ್ನು ಮೇಲೆತ್ತಿ ಬುಡ ನೋಡಿ, ಇಲ್ಲವೇ ವೈದ್ಯರಿಂದ ನೋಡಿಸಿ. ಹೊಲಿಗೆ ದಾರ, ಹೂಮಾಲೆಯ ದಾರ, ಕೋಳಿ ಅಂಗಡಿಯ ಪೊಟ್ಟಣದ ದಾರ ಅಲ್ಲಿ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದಿರಬಹುದು. ಬಾಯಲ್ಲಾಗಲಿ ಗುದದಲ್ಲಾಗಲಿ ತುದಿ ಕಂಡರೆ ಎಳೆಯಬೇಡಿ. ಕರುಳು ಮಡಿಚಿಕೊಂಡು ಕೊಯ್ದುಹೋಗುತ್ತದೆ.

ತೋಟಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನ ಬೆಕ್ಕನ್ನು ಹೊರಗೆ ಬಿಡಬೇಡಿ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ದ್ರಾವಣದಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು ಇರುತ್ತದೆ. ಮೈಗೆ ಬಿದ್ದದ್ದನ್ನು ಬೆಕ್ಕು ನೆಕ್ಕಿಯೇ ತೀರುತ್ತದೆ, ತಾಮ್ರ ಜಠರವನ್ನು ಕೆರಳಿಸಿ ಕಕ್ಕಿಸುತ್ತದೆ. ವಾಂತಿಗೆ ನೀಲಿ ಹಸಿರು ಬಣ್ಣವಿದ್ದರೆ ಇದನ್ನೇ ಅನುಮಾನಿಸಿ. ಮೈಗೆ ಬಿದ್ದದ್ದು ಕಂಡರೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒರೆಸಿ. ಒಂದೂವರೆ ತಿಂಗಳು ಎಳೆದ ವಾಂತಿಗೆ ಇದು ಕಾರಣವಾಗಲಾರದು, ಆದರೆ ನಡುವೆ ಒಂದೆರಡು ಸಲದ್ದಕ್ಕೆ ಆಗಿರಬಹುದು. ಸಿಂಪಡಿಸಿದ ದಿನಾಂಕಗಳನ್ನು ವಾಂತಿಯ ದಿನಾಂಕಗಳ ಪಕ್ಕ ಇಟ್ಟು ನೋಡಿ.

ಇಲಿ ಪಾಷಾಣದಲ್ಲಿ ಸತು ಫಾಸ್ಫೈಡ್ ಇದ್ದರೆ ಕೆಲವೇ ಗಂಟೆಯಲ್ಲಿ ವಾಂತಿ ಶುರುವಾಗುತ್ತದೆ, ಬೆಳ್ಳುಳ್ಳಿಯಂಥ ವಾಸನೆ ಇರುತ್ತದೆ. ಆ ಗಾಳಿ ನಿಮಗೂ ವಿಷ, ಕಿಟಕಿ ತೆರೆದಿಡಿ. ಬ್ರೋಮಾಡಿಯೋಲೋನ್ ಆದರೆ ಮೂರರಿಂದ ಐದು ದಿನದ ಮೇಲೆ ರಕ್ತಸ್ರಾವ. ಪ್ಯಾಕೆಟ್ ಎಸೆಯದೆ ತನ್ನಿ, ಚಿಕಿತ್ಸೆ ಅದರ ಮೇಲೆ ನಿಂತಿದೆ. ಉಪ್ಪುನೀರು ಕುಡಿಸಿ ಕಕ್ಕಿಸುವ ಸಾಹಸ ಬೇಡ. ದನದ ಉಣುಗಿಗೆ ಹಚ್ಚುವ ಔಷಧವನ್ನು ಬೆಕ್ಕಿನ ಚಿಗಟಕ್ಕೆ ಹಚ್ಚಬೇಡಿ. ಜ್ವರ ಎಂದು ಪ್ಯಾರಾಸಿಟಮಾಲ್ ಕೊಡಬೇಡಿ, ಒಂದು 500ರ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಮನೆಯ ಹೂದಾನಿಯಲ್ಲಿ ಲಿಲ್ಲಿ ಹೂವಿದ್ದರೆ ತೆಗೆದುಬಿಡಿ, ಅದರ ಪರಾಗ ನೆಕ್ಕಿದರೂ ಮೂತ್ರಪಿಂಡ ಕೆಡುತ್ತದೆ.

ವಯಸ್ಸಿನ ಕಾಯಿಲೆಗಳು, ಪರೀಕ್ಷೆಗಳ ಸರದಿ

ಊಟ ಬಿಡದೆ ತೂಕ ಇಳಿಯುವುದು, ಎಂಟು ವರ್ಷ, ಆರು ವಾರದ ವಾಂತಿ. ಈ ಮೂರೂ ಸೇರಿದಾಗ ಹುಳ ಮತ್ತು ಆಹಾರದ ಜೊತೆಗೆ ನಾನು ಪಟ್ಟಿಯಲ್ಲಿಡುವುದು: ಕರುಳಿನ ಗೋಡೆಯ ದೀರ್ಘಕಾಲದ ಉರಿಯೂತ, ಅದನ್ನೇ ಹೋಲುವ ನಿಧಾನಗತಿಯ ಲಿಂಫೋಮಾ ಕ್ಯಾನ್ಸರ್, ಮೂತ್ರಪಿಂಡದ ಸೋಲು, ಸಕ್ಕರೆ ಕಾಯಿಲೆ, ಯಕೃತ್ತು ಮತ್ತು ಮೇದೋಜೀರಕ ಗ್ರಂಥಿಯ ತೊಂದರೆ. ಥೈರಾಯ್ಡ್ ಹೆಚ್ಚಾಗುವುದು ಸಾಮಾನ್ಯವಾಗಿ ಹತ್ತು ದಾಟಿದ ಬೆಕ್ಕಿನಲ್ಲಿ, ಆದರೂ ನೋಡಿಸಬಹುದು. ನೀರು ಮೊದಲಿಗಿಂತ ಹೆಚ್ಚು ಕುಡಿಯುತ್ತಿದೆಯೇ, ಮೂತ್ರ ಹೆಚ್ಚಾಗಿದೆಯೇ ಎಂದು ಗಮನಿಸಿ. ಮೂತ್ರಪಿಂಡ, ಸಕ್ಕರೆ ಎರಡಕ್ಕೂ ಅದೇ ಮೊದಲ ಸುಳಿವು.

ಎಲ್ಲ ಪರೀಕ್ಷೆ ಒಂದೇ ದಿನ ಬೇಕಿಲ್ಲ. ಮೊದಲ ದಿನ ಮಲ ಪರೀಕ್ಷೆ, ರಕ್ತಕಣಗಳ ಎಣಿಕೆ, ಕ್ರಿಯಾಟಿನಿನ್, ಯೂರಿಯಾ, ಸಕ್ಕರೆ, ಯಕೃತ್ತಿನ ಎಎಲ್‌ಟಿ, ಪೊಟ್ಯಾಸಿಯಂ, ಜೊತೆಗೆ ಮೂತ್ರದ ಸಾಂದ್ರತೆ. ಕ್ರಿಯಾಟಿನಿನ್ ಒಂದನ್ನೇ ನೋಡಿ ಮೂತ್ರಪಿಂಡ ಸರಿಯಿದೆ ಎನ್ನಲಾಗದು. ಮೂತ್ರ 1.035ಕ್ಕಿಂತ ಗಟ್ಟಿಯಾಗಿದ್ದರೆ ಧೈರ್ಯ ಹೇಳಬಹುದು. ಅದೇ ದಿನ ಹೊಟ್ಟೆಯ ಸ್ಕ್ಯಾನಿಂಗ್ ಸಾಧ್ಯವಾದರೆ ಇನ್ನೊಂದು ಓಡಾಟ ತಪ್ಪುತ್ತದೆ. ಕರುಳಿನ ಗೋಡೆ ದಪ್ಪವಾಗಿದೆಯೇ, ಏನಾದರೂ ಸಿಕ್ಕಿಕೊಂಡಿದೆಯೇ, ಪಿತ್ತನಾಳ ಉಬ್ಬಿದೆಯೇ ಎಂದು ಅದು ತೋರಿಸುತ್ತದೆ. ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಹೊರಡುವ ಮುಂಚೆ ಫೋನ್ ಮಾಡಿ ಸ್ಕ್ಯಾನಿಂಗ್ ಯಾವ ದಿನ, ಎಷ್ಟು ಗಂಟೆಗೆ ಎಂದು ವಿಚಾರಿಸಿಕೊಳ್ಳಿ.

ಇವೆಲ್ಲ ಸರಿಯಿದ್ದು, ಹುಳಕ್ಕೂ ಆಹಾರಕ್ಕೂ ವಾಂತಿ ಜಗ್ಗದಿದ್ದರೆ ಉಳಿಯುವುದು ಕರುಳಿನ ಉರಿಯೂತವೋ ಲಿಂಫೋಮಾವೋ ಎಂಬ ಪ್ರಶ್ನೆ. ಖಚಿತವಾಗಲು ಕರುಳಿನ ತುಣುಕು ತೆಗೆದು ನೋಡಬೇಕು. ಅದಕ್ಕೆ ಅರಿವಳಿಕೆ ಬೇಕು, ಸೊರಗಿದ ಬೆಕ್ಕಿಗೆ ಅಪಾಯವಿದೆ, ಖರ್ಚೂ ಇದೆ. ಹಾಗಾಗಿ ಹಲವರು ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಕೊಟ್ಟು ನೋಡುವ ದಾರಿ ಹಿಡಿಯುತ್ತಾರೆ, ಅದು ತಪ್ಪೇನಲ್ಲ. ಆದರೆ ಒಂದು ಸಲ ಸ್ಟಿರಾಯ್ಡ್ ಶುರು ಮಾಡಿದರೆ ಆಮೇಲೆ ತುಣುಕು ತೆಗೆದರೂ ಕ್ಯಾನ್ಸರ್ ಮರೆಯಾಗಿ ಕಾಣದಿರಬಹುದು. ಸಕ್ಕರೆ ಕಾಯಿಲೆಯನ್ನು ಎಳೆದು ತರಲೂಬಹುದು. ಯಾವ ಪರೀಕ್ಷೆಯೂ ಇಲ್ಲದೆ ಮೊದಲ ಭೇಟಿಯಲ್ಲೇ ಸ್ಟಿರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಂಡು ಬರಬೇಡಿ. ಎರಡು ವಾರ ವಾಂತಿ ನಿಂತು ಕಾರಣ ಅಡಗಿಕೊಳ್ಳುತ್ತದೆ. ಇಂಥ ಬೆಕ್ಕುಗಳಲ್ಲಿ ಬಿ12 ಕೊರತೆ ಸಾಮಾನ್ಯ. ವಾರಕ್ಕೊಮ್ಮೆ 250 ಮೈಕ್ರೋಗ್ರಾಂನಂತೆ ಆರು ವಾರ ಚುಚ್ಚುಮದ್ದು ಕೊಟ್ಟರೆ ಹಸಿವು, ತೂಕ ಎರಡೂ ಚೇತರಿಸುವುದುಂಟು. ಅದರಿಂದ ಹಾನಿ ಇಲ್ಲವೆಂದೇ ಹೇಳಬಹುದು.

ಹೊರಡುವವರೆಗೆ

ಉಪವಾಸ ಹಾಕಬೇಡಿ. ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಯಕೃತ್ತಿಗೆ ಕೊಬ್ಬು ತುಂಬಿ ಬೇರೆಯೇ ಕಾಯಿಲೆ ಶುರುವಾಗುತ್ತದೆ. ನಿಮ್ಮ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲರಿ ಬೇಕು. ಒಣ ಆಹಾರವಾದರೆ 50–55 ಗ್ರಾಂ, ಬೇಯಿಸಿದ ಕೋಳಿಯಾದರೆ 120–130 ಗ್ರಾಂ. ಯಾವುದಾದರೂ ಒಂದೇ ಕೊಡಿ, ಐದಾರು ಸಲಕ್ಕೆ ಹಂಚಿ, ಮಲಗುವ ಹೊತ್ತಿಗೆ ಒಂದು ಪಾಲು ಉಳಿಸಿ, ಬೆಳಗಿನ ಹಳದಿ ನೀರು ಕಡಿಮೆಯಾಗಬಹುದು. ಕೋಳಿಗೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಬಾರದು, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತಕಣ ಒಡೆಯುತ್ತವೆ. ಬರೀ ಕೋಳಿಯನ್ನು ಎರಡು ವಾರ ಮೀರಿ ಕೊಡಬಾರದು, ಅದರಲ್ಲಿ ಸುಣ್ಣದ ಅಂಶ ತೀರ ಕಡಿಮೆ. ಒಸಡು ಮುಟ್ಟಿ ನೋಡಿ, ಬೆರಳಿಗೆ ಅಂಟಂಟಾದರೆ ನೀರು ಕಡಿಮೆಯಾಗಿದೆ ಎಂದರ್ಥ, ಹೊರಡುವುದನ್ನು ಮುಂದಕ್ಕೆ ಹಾಕಬೇಡಿ.

ಒಂದು ಚೀಟಿಯಲ್ಲಿ ಕಕ್ಕಿದ ದಿನ, ಹೊತ್ತು, ತಿಂದು ಎಷ್ಟು ಹೊತ್ತಾಗಿತ್ತು, ಏನು ಬಂತು ಎಂದು ಬರೆದಿಡಿ. ಅದೇ ದಿನದ ಮಲವನ್ನು ಒಂದು ಚಮಚದಷ್ಟು ಶುಭ್ರ ಡಬ್ಬಿಯಲ್ಲಿ ತನ್ನಿ. ಮೂತ್ರ ಹಿಡಿಯಲು ಟ್ರೇಯಲ್ಲಿ ಮಣ್ಣಿನ ಬದಲು ತೊಳೆದ ಸಣ್ಣ ಜಲ್ಲಿಕಲ್ಲು ಹಾಕಿದರೆ ಸಿರಿಂಜಿನಲ್ಲಿ ಎಳೆದುಕೊಳ್ಳಬಹುದು. ಗೋಣಿಚೀಲದಲ್ಲಿ ಕಟ್ಟಿ ತರಬೇಡಿ, ಗಾಳಿಯಾಡುವ ಗಟ್ಟಿ ಬುಟ್ಟಿಯಲ್ಲಿ ಅದರ ವಾಸನೆಯ ಹಳೇ ಬಟ್ಟೆ ಹಾಕಿ, ಮೇಲೊಂದು ತೆಳು ಬಟ್ಟೆ ಹೊದಿಸಿ. ಹೊರಡುವ ಐದಾರು ಗಂಟೆ ಮುಂಚೆ ಊಟ ನಿಲ್ಲಿಸಿ, ನೀರು ಇರಲಿ. ರಕ್ತ ಪರೀಕ್ಷೆಗೂ ಅದೇ ಅನುಕೂಲ. ಮಂಡಗದ್ದೆಯ ತಿರುವುಗಳಲ್ಲಿ ಆರೋಗ್ಯವಂತ ಬೆಕ್ಕೂ ಕಕ್ಕುತ್ತದೆ. ದಾರಿಯಲ್ಲಿ ಬಂದ ವಾಂತಿಯನ್ನು ಚೀಟಿಯ ಲೆಕ್ಕಕ್ಕೆ ಸೇರಿಸಬೇಡಿ.